ಗುಟ್ಟದ ಹಾಲುಗಂಬ

ಕೊಡಲಿಯನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ತಂದದ್ದೇ ತಪ್ಪಾಯಿತೇನೋ ಎಂದು ಆಂಜನಪ್ಪನಿಗೆ ರೈಲಿನಲ್ಲಿ ಅನ್ನಿಸಿತು. ಹಾಗೇ ತಂದಿದ್ದರೆ ಯಾರೋ ಸೌದೆ ಒಡೆಯಲು ಹೊರಟವನು ಎಂದುಕೊಂಡು ಸುಮ್ಮನಿರುತ್ತಿದ್ದರು. ಸುತ್ತಿದ್ದರಿಂದಲೇ ಎದುರಿನ ಸೀಟಿನ ಹುಡುಗಿ ಒಂದು ಸಲ ಟವೆಲ್ಲನ್ನೂ ಒಂದು ಸಲ ಅವನ ಮುಖವನ್ನೂ ನೋಡಿ, ಬ್ಯಾಗು ಎತ್ತಿಕೊಂಡು ಬಾಗಿಲ ಕಡೆ ಹೋಗಿ ನಿಂತಳು. ಹೋಗಲಿ, ಕಾಲು ಚಾಚಲು ಜಾಗವಾಯಿತು ಎಂದುಕೊಂಡರೂ ಮುಖ ಬಿಸಿಯಾಯಿತು. ಚಾಂಪಿಯನ್ ರೀಫ್ಸಿನಲ್ಲಿ ಹತ್ತಿದ್ದವನು ಉರಿಗಾಂ ಬರುವ ಹೊತ್ತಿಗೆ ಮೂರು ಸಲ ಟವೆಲ್ಲು ಬಿಚ್ಚಿ ಮೂರು ಸಲ ಸುತ್ತಿದ್ದ. ಉರಿಗಾಂ ಸ್ಟೇಷನ್ನಿನ ಹಿಂದೆ, ಬಿರುಕುಬಿಟ್ಟ ಗೋಡೆಯೊಳಗಿಂದ ಎದ್ದ ಅತ್ತಿಮರ ಧೂಳು ಹೊತ್ತುಕೊಂಡು ನಿಂತಿತ್ತು. ಅದನ್ನು ಕಂಡದ್ದೇ ತಂಗಿಯ ಮೇಲಿನ ಸಿಟ್ಟು ಮತ್ತೆ ಎದ್ದಿತು. ನಿನ್ನೆ ಫೋನಿನಲ್ಲಿ ಪಾಪಕ್ಕ ಎಂದೂ ಇಲ್ಲದ ಸಣ್ಣ ದನಿಯಲ್ಲಿ, “ಅಣ್ಣ, ಗುಟ್ಟದ ತನ್ಕ ಯಾಕೋಗ್ತೀಯ, ಮಂಡಿನೋವು ಬೇರೆ. ಉರಿಗಾಂ ಸ್ಟೇಷನ್ ಇಂದೆ ಅತ್ತಿ ಐತಲ್ಲ, ಅದರದ್ದೇ ಒಂದು ಕೊಂಬೆ ಕಡ್ಕಂಡು ಬಂದ್ಬುಡು” ಎಂದಿದ್ದಳು. “ಆ ಮರದ ಬುಡದಾಗೆ ಊರಿನ ಕುಡುಕ್ರೆಲ್ಲ ಉಚ್ಚೆ ಉಯ್ತಾರೆ. ಅದನ್ನ ತಂದು ನನ್ನ ಸೊಸೆ ಚಪ್ಪರದಾಗೆ ನೆಡ್ಲಾ? ತಲೆ ಕೆಟ್ಟೈತೇನೇ ನಿಂಗೆ?” ಎಂದು ಅವನು ಕಿರುಚಿದ್ದ. ಆಚೆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. “ಸರಿ ಬುಡು” ಎಂದು ಇಟ್ಟುಬಿಟ್ಟಳು. ಮದುವೆ ಮನೆಯ ಗಡಿಬಿಡಿ, ಹೆಂಗಸಿಗೆ ಬುದ್ಧಿ ನೆಟ್ಟಗಿಲ್ಲ ಎಂದುಕೊಂಡ. ಚಪ್ಪರಕ್ಕೆ ಮೊದಲು ನೆಡುವ ಹಾಲುಗಂಬವನ್ನು ಹುಡುಗಿಯ ಸೋದರಮಾವ ತನ್ನ ಕೈಯಿಂದಲೇ ಕಡಿದು ತರಬೇಕು. ಗೀರಿದರೆ ಹಾಲು ಸುರಿಸುವ ಮರದ್ದೇ ಆಗಬೇಕು. ಕಡಿದಮೇಲೆ ನೆಲ ಮುಟ್ಟಿಸಬಾರದು. ಅವರ ಅವ್ವನ ಮದುವೆಗೂ, ಪಾಪಕ್ಕನ ಮದುವೆಗೂ ಊರ ಪಕ್ಕದ ಗುಡ್ಡ, ಆ ಗುಟ್ಟದ ಕೊರಕಲಿನ ಅತ್ತಿಯೇ ಬಂದಿತ್ತು. ಇವಳು ಸ್ಟೇಷನ್ನಿನ ಮರ ಅನ್ನುತ್ತಾಳೆ!

ಬಂಗಾರಪೇಟೆಯ ಪ್ಲಾಟ್‌ಫಾರ್ಮಿನಲ್ಲಿ ರೈಲ್ವೆ ಪೊಲೀಸಿನವನು ಬೆರಳಿನಲ್ಲಿ ಕರೆದ. “ಎನ್ನಪ್ಪಾ ಇದು, ಬಿಚ್ಚು.” ಬಿಚ್ಚಿದ. “ಯಾರ್ನ ಕಡಿಯಕ್ಕೆ?” “ಮರನ ಸಾರ್. ಸೊಸೆ ಮದ್ವೆ, ಆಲುಗಂಬ.” ಪೊಲೀಸಿನವನು ಕೊಡಲಿಯ ಬಾಯಿಗೆ ಹೆಬ್ಬೆರಳು ಒತ್ತಿ, ಪಕ್ಕದಲ್ಲಿದ್ದ ಕಡಲೆಕಾಯಿಯವಳ ಕಡೆ ತಿರುಗಿ, “ನೋಡಮ್ಮ, ಮಾವ ಅಂತೆ. ಹುಡುಗೀನ ಕೊಡ್ಲಿಲ್ಲ ಅಂತ ಮದ್ವೆಮನೆಗೆ ಕೊಡ್ಲಿ ತಗಂಡೋಗ್ತಾವ್ನೋ ಏನೋ” ಎಂದ. ಕಡಲೆಕಾಯಿಯವಳು ನಕ್ಕಳು. ಆಂಜನಪ್ಪ ನಾಲಿಗೆಯ ತುದಿಗೆ ಬಂದದ್ದನ್ನು ಹೊರಗೆ ಬಿಟ್ಟಿದ್ದರೆ ಮುಹೂರ್ತದ ಹೊತ್ತಿಗೆ ಲಾಕಪ್ಪಿನಲ್ಲಿರುತ್ತಿದ್ದ. ನುಂಗಿದ. ಕಾರ್ಖಾನೆಯ ಗೇಟಿನಲ್ಲಿ ಕಾವಲು ನಿಂತು ತಾನೂ ದಿನಾ ಇದನ್ನೇ ಮಾಡುತ್ತೇನಲ್ಲ. ಯಾರದೋ ಊಟದ ಡಬ್ಬಿ ಬಿಚ್ಚಿಸಿ, ಚಿತ್ರಾನ್ನದೊಳಗೆ ಇಣುಕಿ, ಏನೋ ಒಂದು ಮಾತಂದು ನಗುವುದು. ಅವರೂ ಹೀಗೇ ನುಂಗುತ್ತಿರಬೇಕು. ಈ ಯೋಚನೆ ಬೇಡವಾಗಿತ್ತು, ಆದರೂ ಆಟೋದಲ್ಲಿ ಊರು ಮುಟ್ಟುವ ತನಕ ಜೊತೆಯಲ್ಲೇ ಕೂತಿತ್ತು.

ಗುಟ್ಲೂರಿನಲ್ಲಿ ಪಾಪಕ್ಕನ ಮನೆ ಮುಂದೆ ಚಪ್ಪರದ ಕಂಬಗಳು ಆಗಲೇ ನಿಂತಿದ್ದವು. ಒಂದೇ ದಪ್ಪ, ಒಂದೇ ಎತ್ತರ, ತೊಗಟೆ ಸುಲಿದು ಬೆಳ್ಳಗಾದ ನೀಲಗಿರಿ ಕಂಬಗಳು. ಹಾಲುಗಂಬ ನೆಡದೆ ಉಳಿದವನ್ನು ಯಾರು ನಿಲ್ಲಿಸಿದರು ಎಂದು ಕೂಗಬೇಕೆನ್ನುವಷ್ಟರಲ್ಲಿ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನರೇಶ ಕಂಡ. ನರೇಶ ಗಂಡಿನ ಚಿಕ್ಕಪ್ಪ. ಗುಟ್ಟದ ಮೇಲಿನ ನೀಲಗಿರಿ ತೋಪೆಲ್ಲ ಗುತ್ತಿಗೆಗೆ ಹಿಡಿದವನು, ಬಂಗಾರಪೇಟೆಯಲ್ಲಿ ಮರದ ಡಿಪೋ ಇಟ್ಟವನು. ಮದುವೆಗಂಡು ನವನೀತ ಅದೇ ಡಿಪೋದಲ್ಲಿ ಲಾರಿಗೆ ಮರ ತುಂಬಿಸುವ ಮೇಲ್ವಿಚಾರಕ. “ಒಂದು ಪೈಸೆ ವರದಕ್ಷಿಣೆ ಕೇಳ್ಲಿಲ್ಲ ಅಣ್ಣ, ಅಂಥಾ ಮನೆ” ಎಂದು ಪಾಪಕ್ಕ ಸಂಬಂಧ ಒಪ್ಪಿ ಆದಮೇಲೆ ಹೇಳಿದ್ದಳು. ಒಪ್ಪುವ ಮುಂಚೆ ಅಣ್ಣನನ್ನು ಕೇಳಿರಲಿಲ್ಲ. ಅದು ಅವನೊಳಗೆ ಮುರಿದ ಮುಳ್ಳಿನಂತೆ ಇತ್ತು. ಮೇಲೆ ಕಾಣುವುದಿಲ್ಲ, ಒತ್ತಿದರೆ ನೋಯುತ್ತದೆ. ನರೇಶ ಏಳಲಿಲ್ಲ. “ಬನ್ನಿ ಯಜಮಾನ್ರೇ. ನಮ್ ಕಡೆಯಿಂದ್ಲೇ ಕಂಬ ಕಳ್ಸಿದೀನಿ, ಒಂದೂ ಸೊಟ್ಟ ಇಲ್ಲ ನೋಡಿ” ಎಂದ. “ಸೊಟ್ಟ ಇಲ್ದಿರೋದೆಲ್ಲ ನೆಟ್ಟಗಿರ್ತದಾ?” ಎಂದ ಆಂಜನಪ್ಪ. ನರೇಶ ನಕ್ಕುಬಿಟ್ಟ. ನಗದೇ ಇದ್ದಿದ್ದರೆ ಚೆನ್ನಾಗಿತ್ತು.

ಪಾಪಕ್ಕನ ಗಂಡ ಜಯರಾಮಪ್ಪ ಒಳಗಿನಿಂದ ಪಂಚೆ ಕಟ್ಟಿಕೊಳ್ಳುತ್ತ ಬಂದವನು ಕೊಡಲಿಯನ್ನು ನೋಡಿ ಅಲ್ಲೇ ನಿಂತ. “ಬಾವ, ಬಿಸ್ಲು ಜಾಸ್ತಿ. ರೋಡ್ ಪಕ್ಕ ಎಲ್ಲಾನ ಆಲದ್ದೋ ಬಸರೀದೋ ಸಿಕ್ತದೆ, ಗಾಡಿಯಾಗೆ ಓಗಿ ತಂದ್ಬುಡಾಣ.” “ಯಾಕ್ಲಾ, ಗುಟ್ಟ ಎಲ್ಲಿಗಾನ ಓಗೈತಾ?” ಜಯರಾಮಪ್ಪ ಪಂಚೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ. ಜಗಲಿಯ ಮೇಲೆ ಎಲೆ ಅಡಿಕೆ ಕುಟ್ಟುತ್ತಿದ್ದ ಮುನಿಗಂಗಮ್ಮ, ಊರಿನಲ್ಲಿ ಎಲ್ಲ ಮದುವೆಗೂ ಶಾಸ್ತ್ರ ಹೇಳುವ ಮುದುಕಿ, ಕುಟ್ಟಾಣಿ ನಿಲ್ಲಿಸದೆಯೇ, “ಓಗ್ಲಿ ಬುಡು ಜಯರಾಮ. ಮಾವಂದಿರು ಮದ್ವೇಲಿ ಮಾಡೋದು ಇದೊಂದೇ ಕೆಲ್ಸ. ಉಳಿದಿದ್ದೆಲ್ಲ ಉಣ್ಣೋದು” ಎಂದಳು. “ಗೀರ್ದಾಗ ಆಲು ಬರ್ಬೇಕು ಕಣಯ್ಯ ಆಂಜನಪ್ಪ, ಬಂತು ಅಂತ ನೀನೇ ಬಾಯ್ಬುಟ್ಟು ಏಳ್ಬೇಕು. ಇಲ್ದಿದ್ರೆ ಕಂಬ ನೆಡಾಕ್ಬುಡಲ್ಲ, ನೋಡ್ಕ.” “ನಿನ್ನ ಕಾಲ್ದಾಗೆ ಬತ್ತಿದ್ದ ಆಲು ನನ್ನ ಕಾಲ್ದಾಗೂ ಬತ್ತೈತೆ, ಸುಮ್ಕೆ ಕುಟ್ಕೊ ಅಜ್ಜಿ” ಎಂದು ಅವನು ಹೊರಟ. ಬಾಗಿಲ ಸಂದಿಯಲ್ಲಿ ಪಾಪಕ್ಕ ಕಂಡಳು. ಕೈಯಲ್ಲಿ ಅರಿಶಿನದ ಬಟ್ಟಲಿತ್ತು. ಕರೆಯುತ್ತಾಳೇನೋ ಎಂದು ಒಂದು ಗಳಿಗೆ ನಿಂತ. ಅವಳು ಒಳಗೆ ಹೋದಳು.

ಗುಟ್ಟ ಹತ್ತುವ ದಾರಿಯಲ್ಲಿ ನೆರಳಿದೆ ಎಂದು ದೂರದಿಂದ ಅನ್ನಿಸುತ್ತದೆ. ಒಳಗೆ ಹೋದರೆ ನೆರಳಿಲ್ಲ, ಪಟ್ಟೆ ಪಟ್ಟೆ ಬಿಸಿಲು. ಯಾವ ಕಡೆಯಿಂದ ನೋಡಿದರೂ ನೀಲಗಿರಿಯ ಸಾಲು. ಸಾಲಿನ ಕೊನೆಯಲ್ಲಿ ಇನ್ನೊಂದು ಸಾಲು. ಕಾಲಡಿಯಲ್ಲಿ ವರ್ಷಗಟ್ಟಲೆಯ ಎಲೆ ಕೊಳೆಯದೆ ಬಿದ್ದು, ತುಳಿದರೆ ಹಪ್ಪಳದಂತೆ ಸದ್ದು ಮಾಡುತ್ತಿತ್ತು. ಒಂದು ಹುಲ್ಲುಕಡ್ಡಿ ಇಲ್ಲ. ಒಂದು ಇರುವೆಗೂಡು ಕಾಣಲಿಲ್ಲ. ಇಲ್ಲೇ ಎಲ್ಲೋ ಪಾಪಕ್ಕ ಕಾರೆಮುಳ್ಳು ಹೊಕ್ಕಿಸಿಕೊಂಡು ಅತ್ತದ್ದು, ಅವನು ಹಲ್ಲಿನಿಂದ ಕಿತ್ತದ್ದು. ಆಗ ಇಲ್ಲಿದ್ದದ್ದು ಬಂದರೆ ಗಿಡ, ತಂಗಡಿ, ಕವಳೆ, ಬಿಕ್ಕೆ, ಜಾಲಿ, ಕಗ್ಗಲಿ, ಒಂದರ ಮೈಮೇಲೆ ಒಂದು ಬಿದ್ದು ಬೆಳೆದ ಕುರುಚಲು. ಮನುಷ್ಯನ ಎದೆ ದಾಟಿ ಬೆಳೆದ ಮರ ಅಲ್ಲೊಂದು ಇಲ್ಲೊಂದು. ಆಡು ಮೇಯಿಸುವವರು, ಬಂದರೆ ಸೊಪ್ಪು ಹೊರುವವರು, ಸೀತಾಫಲಕ್ಕೆ ಬರುವವರು, ಗೌಜಲಹಕ್ಕಿಗೆ ಉರುಲು ಹಾಕುವವರು, ಊರಿನ ಅರ್ಧ ಜನ ಇಲ್ಲೇ ಸಿಗುತ್ತಿದ್ದರು. ಅದಕ್ಕೆ ಎಲ್ಲರೂ ಸೇರಿ ಇಟ್ಟ ಹೆಸರು ಪಾಳು. ಪಾಳು ಬಿದ್ದಿದೆ, ಪಾಳಿಗೆ ಯಾಕೆ ಅಳುತ್ತೀರಿ ಎಂದು ನರೇಶನ ಅಪ್ಪ ಗುತ್ತಿಗೆಗೆ ಬಂದಾಗ ಆಂಜನಪ್ಪನೂ ಹೂಂ ಅಂದಿದ್ದ. ಗಣಿ ಮುಚ್ಚಿ ಮನೆಯಲ್ಲಿ ಕೂತ ವರ್ಷ ಅದು. ಅಪ್ಪನಿಂದ ಬಂದ ಇಳಿಜಾರಿನ ಪಾಲನ್ನು ಅವನೇ ಮೊದಲು ಬಿಟ್ಟುಕೊಟ್ಟ. ನೆಟ್ಟಗೆ ಬೆಳೆಯುವ ಮರದ ಮೇಲೆ ಅವನಿಗೆ ನಂಬಿಕೆಯಿತ್ತು. ಮರ ಅವನ ಜೀವ ಉಳಿಸಿತ್ತು.

ನಂದಿದುರ್ಗ ಗಣಿಯಲ್ಲಿ ಅವನ ಕೆಲಸ ಮರ ನಿಲ್ಲಿಸುವುದು. ನೆಲದಡಿಯ ದಾರಿಯಲ್ಲಿ ಮೇಲಿನ ಬಂಡೆ ಕುಸಿಯದಂತೆ ದಿಮ್ಮಿ ಆನಿಸಿ, ಸಂದಿಗೆ ಬೆಣೆ ಹೊಡೆದು, ಕೊಡಲಿಯ ಹಿಂಬದಿಯಿಂದ ಒಂದು ಸಲ ತಟ್ಟುವುದು. ಭಾರ ಹಿಡಿದ ಮರ ಠಣ್ ಅನ್ನುತ್ತದೆ. ಹಿಡಿಯದ್ದು ಬೊದ್ ಅನ್ನುತ್ತದೆ. ಬಂಡೆ ಇಳಿಯುವ ಮೊದಲು ಮರ ಕೂಗುತ್ತದೆ, ಕಿರ್ ಎಂದು, ಹಲ್ಲು ಕಡಿದಂತೆ. ಆ ಸದ್ದು ಕೇಳಿದವನು ಕೈಲಿದ್ದದ್ದನ್ನು ಬಿಸಾಕಿ ಓಡುತ್ತಾನೆ, ಉಳಿಯುತ್ತಾನೆ. ಕಬ್ಬಿಣ ಹಾಗಲ್ಲ, ಹೇಳದೆ ಕೇಳದೆ ಮುರಿಯುತ್ತದೆ. ಪಾಳಿ ಮುಗಿಸಿ ಊರಿಗೆ ಬಂದಾಗ ಚಿಕ್ಕ ಪಾಪಕ್ಕ ತೊಡೆಯ ಮೇಲೆ ಗಲ್ಲವಿಟ್ಟುಕೊಂಡು, “ಇವತ್ತು ಮರ ಏನಂತು ಅಣ್ಣ?” ಎಂದು ಕೇಳುತ್ತಿದ್ದಳು. “ಪಾಪಕ್ಕ ತಿಂಡಿಪೋತಿ ಅಂತು.” ನಂಬುತ್ತಿದ್ದಳು. ಮರ ಏನು ಹೇಳಿದರೂ ನಂಬುತ್ತಿದ್ದಳು. ನೀಲಗಿರಿ ಬೆಳೆದು ಎರಡು ಸಲ ಕಡಿದಾದ ಮೇಲೆ ಕೆಳಗಿನ ಬಾವಿ ಒಣಗಿತು, ಆಡುಗಳು ಒಂದೊಂದಾಗಿ ಸಂತೆಗೆ ಹೋದವು. ಆಗ ಕೂಗಾಡಿದವಳು ಪಾಪಕ್ಕ ಒಬ್ಬಳೇ. ಅವಳ ಬಾಯಿಗೆ ಹೆದರಿಯೇ ಜಯರಾಮಪ್ಪನೂ ಅವನೂ ಕೊರಕಲಿನಲ್ಲಿ ಮುನೇಶ್ವರನ ಕಲ್ಲಿನ ಮುಂದೆ ಕರ್ಪೂರ ಹಚ್ಚಿ, ಅಂಗೈಯಿಂದ ಹೊಡೆದು ಆರಿಸಿ ಪ್ರಮಾಣ ಮಾಡಿದ್ದರು: ಗುಟ್ಟವೆಲ್ಲ ಹೋದರೂ ಈ ಕೊರಕಲು, ಈ ಅತ್ತಿ, ಈ ನೀರಿನ ಊಟೆ, ಇದಕ್ಕೆ ಕೈ ಹಾಕುವುದಿಲ್ಲ. ಕೊರಕಲು ಜಯರಾಮಪ್ಪನ ಪಾಲಿನದು. ಹೊಡೆದ ಕರ್ಪೂರದ ಸುಟ್ಟ ಕಲೆ ಆಂಜನಪ್ಪನ ಅಂಗೈಯಲ್ಲಿ ಒಂದು ವಾರ ಇತ್ತು.

ಕೊರಕಲಿನ ಅಂಚಿಗೆ ಬಂದಾಗ ಅವನಿಗೆ ಮೊದಲು ಅನ್ನಿಸಿದ್ದು ದಾರಿ ತಪ್ಪಿದೆನೆಂದು. ತಿರುಗಿ ನೋಡಿದ. ದಾರಿ ಸರಿಯಾಗಿಯೇ ಇತ್ತು. ಇಷ್ಟು ಬೆಳಕು ಇಲ್ಲಿ ಇರಬಾರದಿತ್ತು, ಅಷ್ಟೆ. ಹೊಂಗೆ ಇಲ್ಲ, ಈಚಲು ಇಲ್ಲ. ಜೆಸಿಬಿಯ ಹಲ್ಲಿನ ಗುರುತು ಕೆಂಪು ಮಣ್ಣಿನ ಮೇಲೆ ಬಾಚಣಿಗೆ ಎಳೆದಂತಿತ್ತು. ಅಳತೆಯ ಹಗ್ಗ ಹಿಡಿದು ತೋಡಿದ ಗುಂಡಿಗಳು, ಗುಂಡಿಗೊಂದು ಬೆರಳುದ್ದದ ಸರ್ವೆ ಮರದ ಸಸಿ, ಹರಿದು ಬಿಸಾಕಿದ ಕಪ್ಪು ಪ್ಲಾಸ್ಟಿಕ್ ಚೀಲಗಳು. ನೀಲಗಿರಿ ಹೊಸದಾಗಿ ನೆಡಬಾರದು ಎಂದು ಸರ್ಕಾರ ಹೇಳಿದ ಮೇಲೆ ಮರದ ಹೆಸರು ಬದಲಾಗಿತ್ತು. ಹಗ್ಗ ಅದೇ, ಸಾಲು ಅದೇ. ಊಟೆಯಿದ್ದ ಕಡೆ ತೇವದ ಒಂದು ಕಲೆ. ಅದರ ಪಕ್ಕದಲ್ಲಿ ಅತ್ತಿ ಬಿದ್ದಿತ್ತು. ಬುಡದಿಂದ ಕೊಯ್ದದ್ದು, ಕಡಿದದ್ದಲ್ಲ. ಮಿಷನ್ ಗರಗಸದ ನುಣ್ಣನೆಯ ಕೊಯ್ತ, ಅನ್ನದ ತಟ್ಟೆಯಷ್ಟು ಸಮ. ಬುಡದ ಅಂಚಿನ ಸುತ್ತ ಹಾಲು ಸುರಿದು, ಒಣಗಿ, ಕಂದಾಗಿ, ಮೇಲೆ ನೊಣಗಳು ಸತ್ತು ಅಂಟಿದ್ದವು. ಬಿದ್ದ ಕೊಂಬೆಗಳ ತುಂಬ ಕಾಯಿ ಹಾಗೇ ಇದ್ದವು, ಹಣ್ಣಾಗಲು ಹೊರಟು ಅಲ್ಲೇ ನಿಂತಂತೆ ಸುಕ್ಕಾಗಿದ್ದವು. ಒಂದು ಅಳಿಲು ಬುಡದ ಮೇಲೆ ಹತ್ತಿ, ಹತ್ತಲು ಮುಂದೆ ಏನೂ ಇಲ್ಲದೆ, ಇಳಿದುಹೋಯಿತು. ಮುನೇಶ್ವರನ ಮೂರು ಕಲ್ಲನ್ನು ಮಾತ್ರ ಎತ್ತಿ, ಬದುವಿನ ಮೇಲೆ ಜೋಪಾನವಾಗಿ ಕೂರಿಸಿದ್ದರು. ಕಲ್ಲಿಗೆ ಹೊಸ ಅರಿಶಿನ ಬಳಿದಿತ್ತು, ಮೂರು ಬೆರಳಲ್ಲಿ ಮೇಲಿನಿಂದ ಕೆಳಕ್ಕೆ ಎಳೆದದ್ದು. ಹೆದರಿದ್ದಾನೆ ನನ್ಮಗ ಜಯರಾಮ, ಅರಿಶಿನ ಬಳಿದರೆ ದೇವರು ಸುಮ್ಮನಾಗುತ್ತಾನೆ ಎಂದುಕೊಂಡಿದ್ದಾನೆ!

ಒಂದು ಪೈಸೆ ಕೇಳಲಿಲ್ಲ, ಅಂಥಾ ಮನೆ. ಕೊರಕಲೇ ಸಿಕ್ಕಿದ ಮೇಲೆ ಪೈಸೆ ಯಾಕೆ ಕೇಳುತ್ತಾರೆ? ಆಂಜನಪ್ಪ ಬುಡದ ಮೇಲೆ ಕೂತು ಗಟ್ಟಿಯಾಗಿ ಬೈದ. ಕನ್ನಡದಲ್ಲಿ ಮುಗಿದ ಮೇಲೆ ತೆಲುಗಿನಲ್ಲಿ, ಆಮೇಲೆ ಗಣಿಯಲ್ಲಿ ಕಲಿತ ತಮಿಳಿನಲ್ಲಿ. ಕೇಳಲು ಒಂದು ಕಾಗೆಯೂ ಇರಲಿಲ್ಲ. ಕೆಳಗಿಳಿದು ಚಪ್ಪರದ ಕಂಬಗಳನ್ನು ಒಂದೊಂದಾಗಿ ಉರುಳಿಸುತ್ತೇನೆ, ನರೇಶನ ಕುರ್ಚಿಯ ಕಾಲು ಕಡಿಯುತ್ತೇನೆ, ಜಯರಾಮಪ್ಪನ ಅಂಗೈ ಹಿಡಿದು ಊರಿಗೆಲ್ಲ ತೋರಿಸುತ್ತೇನೆ, ಇದೇ ಕೈ, ಕರ್ಪೂರ ಹೊಡೆದ ಕೈ. ಹೀಗೆ ಅಂದುಕೊಳ್ಳುತ್ತಿದ್ದಂತೆಯೇ ಪಾಪಕ್ಕನ ಮುಖ ಬಂತು. ಅವಳಿಗೆ ಗೊತ್ತಾದರೆ? ಗೊತ್ತಾದರೆ ಮದುವೆ ನಿಲ್ಲಿಸುತ್ತಾಳೆ. ಅವಳನ್ನು ಅವನು ಬಲ್ಲ. ಅತ್ತಿಗಾಗಿ ಗಂಡನನ್ನೇ ಮನೆಯಿಂದ ಹೊರಗೆ ನಿಲ್ಲಿಸಿದವಳು. ಅರಿಶಿನ ಹಚ್ಚಿಸಿಕೊಂಡು ಕೂತಿರುವ ಅವಳ ಮಗಳು ಭಾರ್ಗವಿ ಎದ್ದು ಮುಖ ತೊಳೆಯಬೇಕಾಗುತ್ತದೆ. ಆ ಹುಡುಗಿ ಹುಟ್ಟಿದಾಗ ಗಣಿಯ ಕೊನೆಯ ದಿನಗಳು. ಅವಳನ್ನು ಎತ್ತಿಕೊಂಡು, ನಿನ್ನ ಚಪ್ಪರಕ್ಕೆ ನಾನೇ ಕಂಬ ತರುತ್ತೇನೆ ಎಂದಿದ್ದು ಅವನೇ. ಸಿಟ್ಟಿನವನು ಎಂದು ಹೆಸರಾದವನಿಗೆ ಸಿಟ್ಟು ಹೊರಗೆ ಹಾಕುವುದು ಸುಲಭ, ಎಲ್ಲರೂ ಅದನ್ನೇ ಕಾಯುತ್ತಿರುತ್ತಾರೆ. ಇದೊಂದು ಸಲ ನುಂಗಿದರೆ ತಂಗಿಗೆ ತಿಳಿಯುವುದು ಮದುವೆಯಾದ ಮೇಲೆ. ಆಮೇಲೆ ಅವಳೇ ಜಯರಾಮಪ್ಪನನ್ನು ನೋಡಿಕೊಳ್ಳುತ್ತಾಳೆ. ಎದ್ದು ನಿಂತು ಸುತ್ತ ನೋಡಿದ, ಬೇರೆ ಮರಕ್ಕಾಗಿ. ಗುಟ್ಟದ ತುದಿಯಿಂದ ಕಾಮಸಮುದ್ರದ ಕಡೆಗೆ ಕಣ್ಣು ಹೋದಷ್ಟು ದೂರ ಚೂಪು ಚೂಪು ನೆತ್ತಿಗಳು. ದುಂಡಗಿನ ನೆತ್ತಿಯ ಒಂದು ಮರ ಕಾಣಲಿಲ್ಲ. ಇದ್ದರೂ ಪಾಪಕ್ಕ ಕಣ್ಣುಮುಚ್ಚಿ ತೊಗಟೆ ಮುಟ್ಟಿ ಹೇಳಿಬಿಡುತ್ತಾಳೆ, ಇದು ನಮ್ಮದಲ್ಲ ಅಂತ.

ಬಿದ್ದ ಮರದ ನೆತ್ತಿಯಲ್ಲಿ, ಇನ್ನೊಂದು ಕೊಂಬೆಯ ಮೇಲೆ ಆನಿ ನೆಲ ಮುಟ್ಟದೆ ನಿಂತಿದ್ದ ಒಂದು ಟಿಸಿಲನ್ನು ಹುಡುಕಿದ. ಎಲೆ ಜೋತುಬಿದ್ದಿದ್ದರೂ ಹಸಿರಿತ್ತು. ಅದರ ಬುಡವನ್ನೂ ಗರಗಸ ಕೊಯ್ದಿತ್ತು. ಆಂಜನಪ್ಪ ಕೊಡಲಿ ಎತ್ತಿ ಕೊಯ್ತದ ಮೇಲೆ ಓರೆಯಾಗಿ ಹೊಡೆದ. ಎರಡು ಕಡೆಯಿಂದ ಕಚ್ಚು ಹಾಕಿ, ಬದುಕಿರುವ ಮರದಿಂದ ಕಡಿದವನ ಹಾಗೆ ಮೊನೆ ಮಾಡಿದ. ಕೈಗೆ ಕೆಲಸ ನೆನಪಿತ್ತು, ಚೆಕ್ಕೆ ನೆಟ್ಟಗೆ ಹಾರಿತು. ಹಾರಿದ ಚೆಕ್ಕೆಯನ್ನು ನೋಡುತ್ತ ಅವನಿಗೆ ನಾಚಿಕೆಯಾಯಿತು, ಕಳ್ಳಮಾಲಿನ ಮೇಲಿನ ಗುರುತು ಉಜ್ಜುವವನಂತೆ. ನರೇಶ ಕಡಿಸಿದ, ಜಯರಾಮಪ್ಪ ಕೊಟ್ಟ, ಈಗ ತಾನು ಒರೆಸುತ್ತಿದ್ದೇನೆ. ಹೆಗಲ ಮೇಲೆ ಹೊಸ ಟವೆಲ್ಲು ಹಾಸಿ ಕಂಬ ಹೊತ್ತ. ಇಳಿಯುವಾಗ ನೋವಿನ ಮಂಡಿ ಎರಡು ಸಲ ಮಡಿಸಿಕೊಂಡಿತು. ನೆಲ ಮುಟ್ಟಿಸಲಿಲ್ಲ.

ಚಪ್ಪರದಲ್ಲಿ ಗುಂಡಿ ತೋಡಿ ಹಾಲು, ನವಧಾನ್ಯ ಎಲ್ಲ ಇಟ್ಟು ಕಾದಿದ್ದರು. ಹೆಂಗಸರು ದಾರಿ ಬಿಟ್ಟರು. ಕಂಬ ನೋಡಿದ ಜಯರಾಮಪ್ಪನ ಮುಖ ಒಮ್ಮೆಲೇ ಬಿಳುಚಿತು, ಆಮೇಲೆ ಆಂಜನಪ್ಪ ಏನೂ ಅನ್ನದ್ದನ್ನು ಕಂಡು ನಿಧಾನವಾಗಿ ಬಣ್ಣ ಬಂತು. ಆ ಬಣ್ಣ ಬಂದದ್ದನ್ನು ನೋಡುವುದೇ ಬೈಗುಳ ನುಂಗಿದ್ದಕ್ಕಿಂತ ಕಷ್ಟವಾಯಿತು. “ಎಲೆ ಬಾಡೈತಲ್ಲಯ್ಯ” ಎಂದಳು ಮುನಿಗಂಗಮ್ಮ. “ಬಿಸ್ಲು” ಎಂದ. “ಬಿಸ್ಲು ನಿನ್ ತಲೆ ಮ್ಯಾಲೂ ಇತ್ತು, ನೀನು ಬಾಡ್ಲಿಲ್ವಲ್ಲ” ಎಂದು ಅವಳು ಹೆಂಗಸರನ್ನು ನಗಿಸಿ, ಕಂಬದ ಹತ್ತಿರ ಬಂದು ಉಗುರಿನಿಂದ ತೊಗಟೆ ಗೀರಿದಳು. ಏನೂ ಬರಲಿಲ್ಲ. ಕಣ್ಣು ಹತ್ತಿರ ತಂದು ಇನ್ನೊಂದು ಕಡೆ ಗೀರಿದಳು. ನಗು ಒಂದು ಕಡೆಯಿಂದ ನಿಲ್ಲುತ್ತ ಬಂತು. “ಅಯ್ಯೋ ದೇವುಡಾ” ಎಂದು ಮುದುಕಿ ಮೂರನೆಯ ಸಲ ಉಗುರು ಎತ್ತುವಷ್ಟರಲ್ಲಿ ಪಾಪಕ್ಕ ಮುಂದೆ ಬಂದಳು. ಗಂಡನ ಕಡೆ ನೋಡಲಿಲ್ಲ, ಕಂಬದ ಕಡೆಯೂ ನೋಡಲಿಲ್ಲ. ಕೈಲಿದ್ದ ತಂಬಿಗೆಯನ್ನು ಬಗ್ಗಿಸಿ, ಗೀರಿದ ಜಾಗದ ಮೇಲೆಯೇ ಹಾಲು ಹುಯ್ದಳು. ಹಾಲು ತೊಗಟೆಯ ಮೇಲೆ ಇಳಿದು, ಮೊನೆಯಿಂದ ಗುಂಡಿಗೆ ತೊಟ್ಟಿಕ್ಕಿತು. “ಬಂತು ಅಜ್ಜಿ, ಆಲು ಬಂತು. ನಿನ್ ಕಣ್ಗೆ ಪೊರೆ ಬಂದೈತೆ” ಎಂದಳು ಗಟ್ಟಿಯಾಗಿ. ಆಮೇಲೆ ಅರಿಶಿನದ ಬಟ್ಟಲಲ್ಲಿ ಕೈ ಅದ್ದಿ, ಕಂಬಕ್ಕೆ ಮೂರು ಬೆರಳಲ್ಲಿ ಮೇಲಿನಿಂದ ಕೆಳಕ್ಕೆ ಎಳೆದಳು.

ಆಂಜನಪ್ಪ ಆ ಮೂರು ಗೀಟುಗಳನ್ನೇ ನೋಡಿದ. ಅವ್ವ ಹಾಗೆ ಎಳೆಯುತ್ತಿದ್ದಳು. ಅವ್ವನಿಂದ ಕಲಿತವಳು ಪ್ರಪಂಚದಲ್ಲಿ ಒಬ್ಬಳೇ. ಗುಟ್ಟದ ಬದುವಿನ ಮೇಲೆ, ಎತ್ತಿಟ್ಟ ಕಲ್ಲುಗಳ ಮೇಲೆ ಕಂಡಾಗ ತಿಳಿಯಬೇಕಿತ್ತು. ಕಲ್ಲು ಎತ್ತಿಟ್ಟವಳು ಅವಳೇ. ಗರಗಸ ಬರುವ ಮುಂಚೆಯೇ ಹೋಗಿ ಎತ್ತಿಟ್ಟಿದ್ದಾಳೆ. ಪಾಪಕ್ಕ ಅವನ ಪಕ್ಕದಲ್ಲಿ ಗುಂಡಿಗೆ ಧಾನ್ಯ ಹಾಕುವ ನೆಪದಲ್ಲಿ ಬಗ್ಗಿ, ತುಟಿ ಅಲ್ಲಾಡಿಸದೆ, “ಉರಿಗಾಂದೇ ತಾ ಅಂದೆನಲ್ಲಣ್ಣ” ಎಂದಳು. ಅವಳ ಕಣ್ಣು ಒದ್ದೆಯಿರಲಿಲ್ಲ. ಒದ್ದೆಯಾಗಿದ್ದರೆ ಕ್ಷಮಿಸಿಬಿಡುತ್ತಿದ್ದನೋ ಏನೋ. ಫೋನಿನಲ್ಲಿ ಆ ಸಣ್ಣ ದನಿ, ಆಮೇಲಿನ ಮೌನ, ಸರಿ ಬುಡು. ಮರ ಕೂಗಿತ್ತು. ಕೂಗಿದ್ದು ಕೇಳಿಯೂ ಬಂಡೆಯ ಕೆಳಗೇ ನಿಂತಿದ್ದ.

“ಮಾವನ ಬಾಯಿಂದ ಬರ್ಬೇಕು” ಎಂದಳು ಮುನಿಗಂಗಮ್ಮ. ಮುದುಕಿ ಮೂರ್ಖಳಲ್ಲ, ಅವನ ಮುಖ, ಪಾಪಕ್ಕನ ಮುಖ ಎರಡನ್ನೂ ನೋಡಿದಳು. “ಏಳಯ್ಯ. ಬಂತಾ?” ಒಳಗಿನಿಂದ ಭಾರ್ಗವಿ ಅರಿಶಿನದ ಮುಖದಲ್ಲಿ ಇಣುಕುತ್ತಿದ್ದಳು. ನರೇಶ ಈಗ ಕುರ್ಚಿಯಿಂದ ಎದ್ದಿದ್ದ. ಇಡೀ ಚಪ್ಪರ ಆಂಜನಪ್ಪನ ಬಾಯಿಗೆ ಕಾಯುತ್ತಿತ್ತು, ಯಾವಾಗ ಸಿಡಿಯುತ್ತದೋ ಎಂದು ಜೀವಮಾನವೆಲ್ಲ ಕಾದಂತೆ. ಪಾಪಕ್ಕ ಮಾತ್ರ ಗುಂಡಿಯೊಳಗೆ ಇಂಗುತ್ತಿದ್ದ ಹಾಲನ್ನು ನೋಡುತ್ತಿದ್ದಳು.

“ಬಂತು” ಎಂದ.

ಕಂಬ ಇಳಿಸಿ, ಮಣ್ಣು ತುಂಬಿ, ಹಿಮ್ಮಡಿಯಿಂದ ತುಳಿದು ಬಿಗಿಮಾಡಿದ. ನೀಲಗಿರಿ ಕಂಬಗಳ ಸಾಲಿನಲ್ಲಿ ಅದೊಂದೇ ಸೊಟ್ಟಗಿತ್ತು. ಓಲಗದವರು ಶುರುಮಾಡಿದರು. ಹಳೆಯ ಅಭ್ಯಾಸದಿಂದ ಅವನ ಕೈ ಕೊಡಲಿಯನ್ನು ತಿರುಗಿಸಿ ಹಿಡಿದು, ಹಿಂಬದಿಯಿಂದ ಕಂಬವನ್ನು ಒಂದು ಸಲ ತಟ್ಟಿತು. ಓಲಗದ ಸದ್ದಿನೊಳಗೆ ಯಾರಿಗೂ ಕೇಳಿಸಲಿಲ್ಲ. ಬೊದ್ ಎಂದದ್ದು ಅವನಿಗೂ, ತಟ್ಟಿದಾಗ ತಲೆಯೆತ್ತಿದ ಅವನ ತಂಗಿಗೂ ಕೇಳಿಸಿತು. ಮರ ಏನಂತು ಎಂದು ಅವಳು ಕೇಳಲಿಲ್ಲ.